ತಂಗಿಗೆ ಬೆಂಗಳೂರಿನ ನ್ಯೂಸ್ ಚಾನೆಲ್‌ನಲ್ಲಿ ಆಂಕರ್ ಕೆಲಸ ಸಿಕ್ಕಿದೆ. ಕಳಿಸೋಣವಾ?

ಕಲಬುರಗಿ_ಬಿಸಿಲು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಇಲ್ಲೇ ಗುಲ್ಬರ್ಗಾ ಯೂನಿವರ್ಸಿಟಿಯಲ್ಲಿ ಪತ್ರಿಕೋದ್ಯಮ ಎಂಎ ಮುಗಿಸಿದ್ದಾಳೆ. ಓದುತ್ತಿರುವಾಗಲೇ ಊರಿನ ಕೇಬಲ್ ಚಾನೆಲ್‌ನಲ್ಲಿ ಸಂಜೆ ಸುದ್ದಿ ಓದುತ್ತಿದ್ದಳು. ಈಗ ಬೆಂಗಳೂರಿನ ಒಂದು 24 ಗಂಟೆ ನ್ಯೂಸ್ ಚಾನೆಲ್‌ನವರು ಸ್ಕ್ರೀನ್ ಟೆಸ್ಟ್ ಮಾಡಿ ಆಫರ್ ಲೆಟರ್ ಕಳಿಸಿದ್ದಾರೆ. ಚಾನೆಲ್ ಹೆಸರು ಬೇಡ.

ಅವ್ವ ಖುಷಿಯಾಗಿದ್ದಾಳೆ, ಓಣಿಯವರಿಗೆಲ್ಲ ಹೇಳಿಯೂ ಆಗಿದೆ. ಅಪ್ಪ ಮಾತ್ರ ಬಿ.ಎಡ್ ಮಾಡು, ಇಲ್ಲಾ ಕೆಪಿಎಸ್‌ಸಿಗೆ ಕೂರು ಅನ್ನುತ್ತಿದ್ದಾರೆ. ಅವರ ವಾದ ಏನೆಂದರೆ, ಟಿವಿಯಲ್ಲಿ ಮೂವತ್ತೈದು ದಾಟಿದ ಹೆಣ್ಣುಮಕ್ಕಳ ಮುಖ ಎಷ್ಟು ಕಾಣುತ್ತದೆ ಎಣಿಸು, ಆಮೇಲೆ ಮಾತಾಡು. ಎಣಿಸಲು ಹೋದೆ, ಅವರ ಮಾತನ್ನು ಸುಲಭವಾಗಿ ತೆಗೆದುಹಾಕಲು ಆಗಲಿಲ್ಲ.

ನಾನು ಸಿಮೆಂಟ್ ಕಂಪನಿ ಅಕೌಂಟ್ಸ್‌ನಲ್ಲಿ ಇರುವವನು, ಈ ಲೋಕ ಗೊತ್ತಿಲ್ಲ. ನಮ್ಮ ಊರಲ್ಲಿ 1977ರಿಂದ ದೂರದರ್ಶನ ಕೇಂದ್ರ ಇದೆ ಅನ್ನುವುದು ಬಿಟ್ಟರೆ ಟಿವಿಗೂ ನಮಗೂ ಸಂಬಂಧವಿಲ್ಲ. ಇಲ್ಲಿ ಚಾನೆಲ್‌ಗಳಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ದಿನದ ಕೆಲಸ ನಿಜವಾಗಿ ಹೇಗಿರುತ್ತದೆ, ಹತ್ತು ವರ್ಷ ಆದಮೇಲೆ ಆಂಕರ್‌ಗಳು ಎಲ್ಲಿ ಹೋಗುತ್ತಾರೆ, ಸಂಬಳ ಬೆಳೆಯುತ್ತದಾ? ಇನ್ನೊಂದು, ಅವಳ ಮಾತಿನಲ್ಲಿ ನಮ್ಮ ಕಡೆಯ ಧಾಟಿ ಇದೆ. ಸ್ಕ್ರೀನ್ ಟೆಸ್ಟ್‌ನಲ್ಲಿ "ಅದನ್ನ ಸ್ವಲ್ಪ ತಿದ್ದಿಕೊಳ್ಳಬೇಕು" ಅಂದರಂತೆ. ಅದು ದೊಡ್ಡ ತೊಂದರೆಯಾ?

ಪಿಸಿಆರ್_ಕತ್ತಲು:

ಬುಲೆಟಿನ್ ಪ್ರೊಡ್ಯೂಸರ್ ಆಗಿ ಎರಡು ಕನ್ನಡ ಚಾನೆಲ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಅಂದರೆ ಇಯರ್‌ಫೋನ್‌ನಲ್ಲಿ ಆಂಕರ್ ಕಿವಿಯೊಳಗೆ ಮಾತಾಡುವ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಜನಕ್ಕೆ ಕಾಣುವುದು ಬ್ಲೇಜರ್ ಹಾಕಿಕೊಂಡು ಓದುವ ಮುಖ. ಓದುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಅಕ್ಷರ ಹರಿಯುತ್ತದೆ, ಎದುರಿಗೆ ನೋಡಿಕೊಂಡು ಓದಿದರಾಯಿತು. ಅದೂ ಕನ್ನಡದಲ್ಲಿ ಯಾವಾಗಲೂ ಸುಸೂತ್ರ ಅಲ್ಲ. ಡೆಸ್ಕ್‌ನಲ್ಲಿ ಒಬ್ಬರು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿರುತ್ತಾರೆ, ಪ್ರಾಂಪ್ಟರ್ (ಗಾಜಿನ ಮೇಲೆ ಅಕ್ಷರ ಹರಿಸುವ ಯಂತ್ರ) ಯೂನಿಕೋಡ್ ಕೇಳುತ್ತದೆ, ಒತ್ತಕ್ಷರ ಎಲ್ಲೋ ಹಾರಿ ಹೋಗಿರುತ್ತದೆ, ಆಂಕರ್ ಅರ್ಧ ಸೆಕೆಂಡಿನಲ್ಲಿ ಊಹಿಸಿ ಸರಿಯಾಗಿ ಓದಬೇಕು. ಅದೇ ಹೊತ್ತಿಗೆ ಕಿವಿಯಲ್ಲಿ ನನ್ನಂಥವನು "ಬೈಟ್ ರೆಡಿ ಇಲ್ಲ, ಎಳಿ, ಇಪ್ಪತ್ತು ಸೆಕೆಂಡ್ ಎಳಿ" ಅನ್ನುತ್ತಿರುತ್ತಾನೆ. ಬೈಟ್ ಅಂದರೆ ಯಾರಾದರೂ ಮಾತಾಡಿದ ವಿಡಿಯೋ ತುಣುಕು. ಮುಖದಲ್ಲಿ ಏನೂ ಕಾಣಬಾರದು. ಕಿವಿಯಲ್ಲಿ ಒಬ್ಬ ಮಾತಾಡುತ್ತಿರುವಾಗ ಬಾಯಲ್ಲಿ ಬೇರೆ ಮಾತಾಡುವುದು ಕೆಲವರಿಗೆ ಒಂದೇ ವಾರದಲ್ಲಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ತಂಗಿಗೆ ಅದು ಬರುತ್ತದಾ ಅನ್ನುವುದು ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ.

ನಿಜವಾದ ಪರೀಕ್ಷೆ ಪ್ರಾಂಪ್ಟರ್‌ನಲ್ಲಿ ಏನೂ ಇಲ್ಲದ ದಿನ. 2019ರ ಜುಲೈ ನೆನಪಿದೆಯಾ? ಮುಂಬೈ ಹೋಟೆಲ್‌ನಲ್ಲಿ ಶಾಸಕರು, ವಿಧಾನಸಭೆಯಲ್ಲಿ ವಿಶ್ವಾಸಮತ ಇವತ್ತು, ಅಲ್ಲ ನಾಳೆ, ಅಲ್ಲ ಸೋಮವಾರ. ಕೊನೆಗೆ 23ಕ್ಕೆ 99-105 ಆಗಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಅಷ್ಟು ದಿನ ಹೊಸ ಸುದ್ದಿ ಅನ್ನುವುದು ಗಂಟೆಗೆ ಒಂದು ಚೂರು ಬರುತ್ತಿತ್ತು, ಉಳಿದ ಐವತ್ತೈದು ನಿಮಿಷ ಆಂಕರ್ ಮಾತಾಡಬೇಕು. ಯಾವ ಶಾಸಕ ಯಾವ ಕ್ಷೇತ್ರ, ಹಿಂದೆ ಯಾವ ಪಕ್ಷದಲ್ಲಿದ್ದರು, ಪಕ್ಷಾಂತರ ಕಾಯ್ದೆ ಏನು ಹೇಳುತ್ತದೆ, ಸ್ಪೀಕರ್‌ಗೆ ಏನು ಅಧಿಕಾರ, ಇದೆಲ್ಲ ತಲೆಯಲ್ಲಿ ಇದ್ದವರು ಗೆದ್ದರು. ಚಂದದ ಮುಖ, ಚಂದದ ದನಿ ಮಾತ್ರ ಇದ್ದವರು ಅದೇ ನಾಲ್ಕು ವಾಕ್ಯ ತಿರುಗಿಸಿ ತಿರುಗಿಸಿ ಹೇಳಿ ಸುಸ್ತಾದರು. ಆಮೇಲೆ ಪ್ರೈಮ್ ಟೈಮ್ ಯಾರಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ದಿನ 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಆಸ್ಪತ್ರೆಗೆ ಹೋದರು ಅಂತ ಮೊದಲು ಬಂತು. ಆಮೇಲೆ ವಾಟ್ಸಾಪ್‌ನಲ್ಲಿ ಕೆಟ್ಟ ಸುದ್ದಿ ಹರಿಯತೊಡಗಿತು. ಆದರೆ ಅಧಿಕೃತವಾಗಿ ಯಾರೂ ಹೇಳಿಲ್ಲ. ಸ್ಟುಡಿಯೋದಲ್ಲಿ ಕೂತ ಆಂಕರ್‌ಗೆ ತನ್ನ ಫೋನ್‌ನಲ್ಲೂ ಅದೇ ಬಂದಿದೆ, ಕಣ್ಣಲ್ಲಿ ನೀರು, ಆದರೂ "ಪ್ರಾರ್ಥಿಸೋಣ" ಅನ್ನಬೇಕೇ ಹೊರತು ಬೇರೇನೂ ಹೇಳುವಂತಿಲ್ಲ. ಖಚಿತವಾಗುವ ತನಕ ಆ ಒಂದು ಪದ ಹೇಳದೆ ಮಾತು ನಡೆಸುವುದು ಎಂಥ ಕಷ್ಟ ಅಂತ ಆವತ್ತು ಪಿಸಿಆರ್‌ನಲ್ಲಿ (ಪ್ರಸಾರ ನಿಯಂತ್ರಿಸುವ ಕೋಣೆ) ಕೂತು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಬಾಯಿ ಬಿಗಿಹಿಡಿಯುವವರನ್ನು ನಾನು ಒಳ್ಳೆ ಆಂಕರ್ ಅನ್ನುತ್ತೇನೆ. ಮ್ಯಾನೇಜ್‌ಮೆಂಟ್ ಎಲ್ಲರೂ ಹಾಗನ್ನುವುದಿಲ್ಲ.

ಈಗ ಬೆಳವಣಿಗೆ ವಿಷಯ. ಶುರುವಿನಲ್ಲಿ ಬೆಳಗಿನ ಜಾವದ ಬುಲೆಟಿನ್, ಮಧ್ಯಾಹ್ನದ ಫಟಾಫಟ್ ಸುದ್ದಿ, ಭಾನುವಾರ. ಬೆಳಗಿನ ಶಿಫ್ಟ್ ಅಂದರೆ ನಾಲ್ಕಕ್ಕೆಲ್ಲ ಮನೆ ಮುಂದೆ ಕ್ಯಾಬ್. ಓದುವ ಮಧ್ಯೆ ಕಾಪಿ ಬರೆಯುವುದು, ವಾಯ್ಸ್ ಓವರ್ ಕೊಡುವುದು. ಒಂದೆರಡು ವರ್ಷ ಹೀಗೆ. ಆಮೇಲೆ ಸಂಜೆ ಬುಲೆಟಿನ್, ಪ್ಯಾನೆಲ್ ಚರ್ಚೆ, ಅದೃಷ್ಟ ಇದ್ದರೆ ಸ್ವಂತ ಶೋ. ಆದರೆ ಸಂಬಳ ಬೆಳೆಯುವುದು ಹೀಗೆ ಮೆಟ್ಟಿಲು ಹತ್ತಿ ಅಲ್ಲ, ಚಾನೆಲ್ ಬದಲಿಸಿ. ಕನ್ನಡದಲ್ಲಿ ಹೊಸ ಚಾನೆಲ್ ಬಂದಾಗಲೆಲ್ಲ ಒಂದು ಸುತ್ತು ಎಲ್ಲರೂ ಕುರ್ಚಿ ಬದಲಿಸಿದ್ದಾರೆ. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ, 2012ರಲ್ಲಿ ಪಬ್ಲಿಕ್, 2017ರಲ್ಲಿ ದಿಗ್ವಿಜಯ. ಎಚ್.ಆರ್. ರಂಗನಾಥ್ ಪತ್ರಿಕೆ, ಆಮೇಲೆ ಸುವರ್ಣ, ಆಮೇಲೆ ಸ್ವಂತ ಚಾನೆಲ್ ಅಂತ ಹೋದಾಗ ಜೊತೆಗೆ ಎಷ್ಟೋ ಜನ ಹೋದರು. ಅದೇ 2017ರಲ್ಲಿ ಉದಯ ನ್ಯೂಸ್ ಬಾಗಿಲು ಹಾಕಿತು ಅನ್ನುವುದನ್ನೂ ಸೇರಿಸಿ ಓದಿ. ವರ್ಷಗಟ್ಟಲೆ ಕೆಲಸ ಮಾಡಿದವರು ಹೊರಗೆ ಬಂದರು.

ಗುರುವಾರದ ಬಗ್ಗೆ ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ಯಾವ ಚಾನೆಲ್ ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ಬರುವ ದಿನ ಅದು. ರೇಟಿಂಗ್ ತಿರುಚಿದ ಆರೋಪದ ಟಿಆರ್‌ಪಿ ಹಗರಣ ಆದಮೇಲೆ 2020ರ ಅಕ್ಟೋಬರ್‌ನಲ್ಲಿ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿದ್ದರು. 2022ರ ಮಾರ್ಚ್‌ನಲ್ಲಿ ಮತ್ತೆ ಶುರುವಾದಾಗ ನಾಲ್ಕು ವಾರದ ಸರಾಸರಿ ಲೆಕ್ಕ ಬಂತು. ನಿಲ್ಲಿಸಿದ್ದ ಆ ಒಂದೂವರೆ ವರ್ಷ ಆಂಕರ್‌ಗಳ ಕಿರುಚಾಟ ಕಡಿಮೆ ಆಗುತ್ತದೆ ಅಂತ ಅಂದುಕೊಂಡಿದ್ದೆವು. ಆಗಲಿಲ್ಲ. ಅದು ಅಷ್ಟು ಹೊತ್ತಿಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ಸುಮ್ನೆ_ನೋಡುಗ:

ಕಿರುಚಲು ಎಂಎ ಬೇರೆ ಬೇಕಾ ಸಾರ್ 😀 ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಟಿವಿ ಮ್ಯೂಟ್ ಮಾಡಿ ಕೆಳಗಿನ ಪಟ್ಟಿ ಮಾತ್ರ ಓದುತ್ತೇವೆ.

ಜೋಕ್ ಬಿಡಿ. 2023ರ ಜುಲೈನಲ್ಲಿ ಪವರ್ ಟಿವಿಯವರು ಸೌಂದರ್ಯ ಅಂತ ಎಐ ಆಂಕರ್ ತಂದರಲ್ಲ, ಅದೇ ವಾರ ಒಡಿಶಾದಲ್ಲಿ ಲಿಸಾ ಅಂತ ಇನ್ನೊಂದು ಬಂತು. ಆಮೇಲೆ ಡಿಡಿ ಕಿಸಾನ್‌ನವರೂ ಎರಡು ಬೊಂಬೆ ಕೂರಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಕ್ಯಾಬ್ ಕಳಿಸುವ ಖರ್ಚಿಲ್ಲ, ರಜೆ ಕೇಳುವುದಿಲ್ಲ, ಮೇಕಪ್ ಬೇಡ. ತಂಗಿ ಸೇರುವ ಹೊತ್ತಿಗೆ ಶುರುವಿನ ಹುದ್ದೆ ಅನ್ನುವುದೇ ಉಳಿದಿರುತ್ತದಾ ಅಂತ ಯಾರಾದರೂ ಹೇಳಿ.

ಜೆಸಿನಗರ_ಸಂಜೆ:

ನಾನು ದೂರದರ್ಶನದಲ್ಲಿ ಕ್ಯಾಶುವಲ್ ಆಗಿ ಸುದ್ದಿ ಓದುತ್ತಿದ್ದವಳು. ಖಾಸಗಿ ಚಾನೆಲ್‌ಗಳ ಬಗ್ಗೆ ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ನಾನು ನಮ್ಮ ಕಡೆಯ ಕತೆ ಹೇಳುತ್ತೇನೆ. ಅದು ಪೂರ್ತಿ ಬೇರೆ ಜಗತ್ತು.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಆ ಕಾಲದಲ್ಲಿ ನಾಡಿಗೆಲ್ಲ ಇದ್ದದ್ದು ಒಂದೇ ಚಾನೆಲ್, ಹಾಗಾಗಿ ಸುದ್ದಿ ಓದುವವರನ್ನು ಗುರುತಿಸದ ಮನೆಯೇ ಇರಲಿಲ್ಲ. ಆದರೆ ನಮ್ಮಲ್ಲಿ ಬಹಳ ಜನರಿಗೆ ಅದು ಹೊಟ್ಟೆಪಾಡಿನ ಕೆಲಸ ಆಗಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವವರು, ಬ್ಯಾಂಕಿನವರು, ಗೃಹಿಣಿಯರು. ಆಡಿಷನ್ ಪಾಸಾಗಿ ಪ್ಯಾನೆಲ್‌ಗೆ ಸೇರಿದರೆ ತಿಂಗಳಿಗೆ ಕೆಲವು ದಿನ ಡ್ಯೂಟಿ, ದಿನದ ಲೆಕ್ಕದಲ್ಲಿ ಫೀಸು. ಈಗಲೂ ಆಕಾಶವಾಣಿ, ದೂರದರ್ಶನ ಎರಡರಲ್ಲೂ ಈ ಪದ್ಧತಿ ಇದೆ. ಪಿಎಫ್ ಇಲ್ಲ, ಪೆನ್ಷನ್ ಇಲ್ಲ. ಆದರೆ ಬೇರೆ ಕೆಲಸ ಇಟ್ಟುಕೊಂಡು ಮಾಡಬಹುದು, ಯಾರೂ ಕಿವಿಯಲ್ಲಿ "ಎಳಿ ಎಳಿ" ಅನ್ನುವುದಿಲ್ಲ. ವಯಸ್ಸಾಯಿತು ಅಂತ ಮುಖ ಬದಲಿಸುವ ಆತುರವೂ ಕಡಿಮೆ.

ಇಡೀ ಬದುಕು ಸುದ್ದಿ ಓದಿಯೇ ಕಳೆದವರು ಯಾರಾದರೂ ಇದ್ದಾರಾ ಅಂತ ನೀವು ಕೇಳಿದರೆ ನನಗೆ ಮೊದಲು ನೆನಪಾಗುವುದು ಪಕ್ಕದ ಹೈದರಾಬಾದಿನ ಶಾಂತಿ ಸ್ವರೂಪ್. ನೀವು ಕಲಬುರಗಿಯವರು, ನಿಮ್ಮ ಅಪ್ಪನಿಗೆ ಗೊತ್ತಿದ್ದರೂ ಗೊತ್ತಿರಬಹುದು. 1983ರ ನವೆಂಬರ್ 14ಕ್ಕೆ ತೆಲುಗಿನಲ್ಲಿ ಮೊದಲ ಟಿವಿ ಸುದ್ದಿ ಓದಿದವರು. ನಿವೃತ್ತಿಯಾದದ್ದು 2011ರಲ್ಲಿ. ಮೊದಲ ಹತ್ತು ವರ್ಷ ಟೆಲಿಪ್ರಾಂಪ್ಟರ್ ಇರಲಿಲ್ಲ, ಸುದ್ದಿಯನ್ನು ಬಾಯಿಪಾಠ ಮಾಡಿಕೊಂಡು ಕ್ಯಾಮೆರಾ ನೋಡಿ ಹೇಳುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಆಂಧ್ರ, ತೆಲಂಗಾಣ ಎರಡೂ ಕಡೆ ಜನ ಮನೆಯವರನ್ನು ಕಳೆದುಕೊಂಡಂತೆ ಮಾತಾಡಿದರು. ಅಂಥ ಉದ್ದದ ವೃತ್ತಿ ಈಗ ಖಾಸಗಿ ಚಾನೆಲ್‌ನಲ್ಲಿ ಸಾಧ್ಯವಾ? ನನಗೆ ನಂಬಿಕೆ ಇಲ್ಲ. ಅವರಿಗೆ ಕೂರಲು ಒಂದೇ ಕುರ್ಚಿ ಇತ್ತು, ಅದು ಸರ್ಕಾರದ್ದಾಗಿತ್ತು.

ನಮ್ಮವರೇ ಆದ ಅಪರ್ಣಾ ಅವರನ್ನು ನೋಡಿ. ಅವರು ಸುದ್ದಿ ಓದಿ ಹೆಸರು ಮಾಡಿದವರಲ್ಲ, ನಿರೂಪಕಿ. ಆದರೆ ಒಂದು ದನಿ ಎಷ್ಟು ಕಡೆ ಬಾಳಬಹುದು ಅನ್ನುವುದಕ್ಕೆ ಅವರಿಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಶುರು. ಆಮೇಲೆ ಆಕಾಶವಾಣಿ, ಚಂದನ, ಸರ್ಕಾರಿ ಸಮಾರಂಭಗಳ ವೇದಿಕೆ, ಮಜಾ ಟಾಕೀಸ್‌ನಲ್ಲಿ ವರಲಕ್ಷ್ಮಿಯಾಗಿ ನಗಿಸಿದ್ದು, ನಮ್ಮ ಮೆಟ್ರೋದ ಪ್ರಕಟಣೆ. 2024ರ ಜುಲೈನಲ್ಲಿ ಐವತ್ತೇಳಕ್ಕೇ ಹೋಗಿಬಿಟ್ಟರು. ಅವರು ಮುಖವನ್ನಲ್ಲ, ಭಾಷೆಯನ್ನು ನೆಚ್ಚಿಕೊಂಡಿದ್ದರು. ಒಂದು ಮಹಾಪ್ರಾಣ ತಪ್ಪುತ್ತಿರಲಿಲ್ಲ, ಹಾಗಂತ ಕೃತಕವಾಗಿಯೂ ಕೇಳುತ್ತಿರಲಿಲ್ಲ.

ತಂಗಿಗೆ ನನ್ನ ಸಲಹೆ ಇಷ್ಟೇ. ಬೆಂಗಳೂರಿಗೆ ಬಂದರೂ ಬರದಿದ್ದರೂ ಆಕಾಶವಾಣಿ ಆಡಿಷನ್ ಕೊಡಲಿ. ಆಯ್ಕೆಯಾದವರಿಗೆ ವಾಣಿ ಅಂತ ಒಂದು ತರಬೇತಿ ಕೊಡುತ್ತಾರೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದರಿಂದ ಶುರು. ದನಿ ಉಳಿದರೆ ಕೆಲಸ ಎಲ್ಲಾದರೂ ಸಿಗುತ್ತದೆ. @ಸುಮ್ನೆ_ನೋಡುಗ ನೀವು ಹೇಳಿದ ಬೊಂಬೆಗಳು ಬರೆದುಕೊಟ್ಟದ್ದನ್ನು ಓದುತ್ತವೆ. ಬರೀ ಓದುವವರಿಗೆ ಅವುಗಳಿಂದ ಅಪಾಯ ಇರುವುದು ನಿಜ.

ಮಾಜಿ_ಮುಖ:

ಈ ಪ್ರಶ್ನೆ ನನಗೇ ಕೇಳಿದಂತಿದೆ. ನಾನು ಬಾಗಲಕೋಟೆ ಕಡೆಯವಳು, ಬೆಂಗಳೂರಿನಲ್ಲಿ ಆಂಕರ್ ಆಗಿದ್ದೆ, ಪ್ರೈಮ್ ಟೈಮ್ ತನಕ ಹೋಗಿ ಬಿಟ್ಟು ಬಂದವಳು. ಈಗ ಡಬ್ಬಿಂಗ್, ಸಾಕ್ಷ್ಯಚಿತ್ರಗಳಿಗೆ ದನಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸ.

ಮೊದಲು ಧಾಟಿ ವಿಷಯ. ತಿದ್ದಿಕೊಳ್ಳಿ ಅನ್ನುತ್ತಾರೆ, ಹೌದು. ಅವರ ಕಿವಿಯಲ್ಲಿ ಸರಿಯಾದ ಕನ್ನಡ ಅಂದರೆ ಬೆಂಗಳೂರು, ಮೈಸೂರು ಕಡೆಯದು. ತಮಾಷೆ ಏನೆಂದರೆ ಆ ಕಡೆಯ ಎಷ್ಟೋ ಜನ ಹಾಲನ್ನು ಆಲು ಮಾಡಿ, ಆನೆಯನ್ನು ಹಾನೆ ಮಾಡಿ ಓದುತ್ತಾರೆ, ಅದನ್ನು ಯಾರೂ ಧಾಟಿ ಅನ್ನುವುದಿಲ್ಲ. ನಮ್ಮ ಕಡೆಯವರಿಗೆ ಹಕಾರದ ತೊಂದರೆ ಅಷ್ಟಿಲ್ಲ, ಆದರೆ ರಾಗ ಎಳೆಯುತ್ತೇವೆ, ವಾಕ್ಯದ ಕೊನೆ ಏರಿಸುತ್ತೇವೆ. ಬುಲೆಟಿನ್‌ಗೆ ಅದನ್ನು ಇಳಿಸಿಕೊಳ್ಳುವುದು ಕೆಲವು ತಿಂಗಳ ಅಭ್ಯಾಸ, ದಿನಾ ಪೇಪರ್ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳಿದರೆ ಸಾಕು. ಆದರೆ ಪೂರ್ತಿ ಒರೆಸಿಹಾಕಬೇಡ ಅಂತ ಹೇಳಿ. ಬೆಳಗಾವಿ ಅಧಿವೇಶನ ಬಂದಾಗ, ಕೃಷ್ಣಾ, ಭೀಮಾ ಪ್ರವಾಹ ಬಂದಾಗ ಫೀಲ್ಡಿಗೆ ಕಳಿಸಲು ನಮ್ಮನ್ನೇ ಹುಡುಕುತ್ತಾರೆ, ಯಾಕೆಂದರೆ ಊರಿನ ಅಜ್ಜಿ ನಮ್ಮ ಹತ್ತಿರ ಮಾತಾಡುವಂತೆ ಬೇರೆಯವರ ಹತ್ತಿರ ಮಾತಾಡುವುದಿಲ್ಲ. ನನ್ನನ್ನು ಮೇಲೆ ತಂದದ್ದು ಸ್ಟುಡಿಯೋ ಓದು ಅಲ್ಲ, ಅಂಥ ಒಂದು ಪ್ರವಾಹದ ರಿಪೋರ್ಟಿಂಗ್.

ವಯಸ್ಸಿನ ಬಗ್ಗೆ ನಿಮ್ಮ ಅಪ್ಪ ಹೇಳಿದ್ದು ನಿಜ. ಗಂಡಸು ಆಂಕರ್‌ಗೆ ಕೂದಲು ನೆರೆತರೆ "ಹಿರಿಯ ಪತ್ರಕರ್ತ" ಆಗುತ್ತಾನೆ, ಚರ್ಚೆ ನಡೆಸಲು ಕೂರಿಸುತ್ತಾರೆ, ಎಡಿಟರ್ ಅನ್ನುವ ಹೆಸರು ಸಿಗುತ್ತದೆ. ಹೆಂಗಸಿಗೆ ಮದುವೆ ಆದರೆ ಬೆಳಗಿನ ಶಿಫ್ಟ್ ಆಗುತ್ತದಾ ಅಂತ ಕೇಳುತ್ತಾರೆ. ಮಗು ಆದಮೇಲೆ ವಾಪಸ್ ಬಂದರೆ ಮಧ್ಯಾಹ್ನದ ಅಡುಗೆ ಶೋ, ಆರೋಗ್ಯ ಶೋ. ಯಾರೂ ನೇರವಾಗಿ ಹೊರಗೆ ಹೋಗು ಅನ್ನುವುದಿಲ್ಲ. ರೋಸ್ಟರ್‌ನಲ್ಲಿ ಹೆಸರು ನಿಧಾನಕ್ಕೆ ಕೆಳಗೆ ಜಾರುತ್ತದೆ ಅಷ್ಟೇ. ನಾನಿದ್ದ ಕಡೆ ಒಂದು ಸಲ ಮುಖದ ಸಣ್ಣ ಗೆರೆಯೂ ಕಾಣುವ ಎಚ್‌ಡಿ ಕ್ಯಾಮೆರಾ ಬಂದ ವಾರ ಮೂವರು ಹೆಣ್ಣುಮಕ್ಕಳನ್ನು ವಾಯ್ಸ್ ಓವರ್‌ಗೆ ಮಾತ್ರ ಹಾಕಿದರು. ಕಾರಣ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಪವಾದಗಳು ಇದ್ದಾರೆ. ಇಲ್ಲ ಅನ್ನುವುದಿಲ್ಲ. ಆದರೆ ಆ ನಾಲ್ಕೈದು ಹೆಸರು ತೋರಿಸಿ ಎಲ್ಲ ಸರಿ ಇದೆ ಅನ್ನುವವರ ಮಾತು ನಂಬಬೇಡಿ.

ಸಂಬಳ ಮೊದಮೊದಲು ಪಿಜಿ ಬಾಡಿಗೆ, ಊಟ, ಆಟೋಗೆ ಸರಿಹೋಗುತ್ತದೆ. ಬಟ್ಟೆ ಕೆಲವು ಕಡೆ ಚಾನೆಲ್ ಕೊಡುತ್ತದೆ, ಕೆಲವು ಕಡೆ ಬೊಟೀಕ್‌ನಿಂದ ಬಂದದ್ದನ್ನು ಹಾಕಿಕೊಂಡು ಸಂಜೆ ವಾಪಸ್ ಕೊಡಬೇಕು, ಕಾಫಿ ಚೆಲ್ಲದಂತೆ ಕೂರುವುದೇ ಒಂದು ವಿದ್ಯೆ. ಊರಿನವರು ಟಿವಿಯಲ್ಲಿ ನೋಡಿ ಲಕ್ಷಗಟ್ಟಲೆ ಬರುತ್ತದೆ ಅಂದುಕೊಳ್ಳುತ್ತಾರೆ. ನನ್ನ ಸೋದರಮಾವ ಸಾಲ ಕೇಳಲು ಬೆಂಗಳೂರಿಗೇ ಬಂದಿದ್ದ!

ಇನ್ನೊಂದು ವಿಷಯ ಈಗಿನ ಹುಡುಗಿಯರಿಗೆ ಜಾಸ್ತಿ ಕಷ್ಟ. ನೀವು ಓದಿದ ಸುದ್ದಿ ನೀವು ಬರೆದದ್ದಲ್ಲ, ನಿರ್ಧರಿಸಿದ್ದೂ ನೀವಲ್ಲ. ಆದರೆ ಮೀಮ್ ಆಗುವುದು ನಿಮ್ಮ ಮುಖ. ಒಂದು ತಪ್ಪು ಉಚ್ಚಾರಣೆ, ಒಂದು ಪೆದ್ದು ಹೆಡ್‌ಲೈನ್, ರಾತ್ರಿಯೊಳಗೆ ಎಲ್ಲ ಗ್ರೂಪ್‌ನಲ್ಲೂ ಓಡುತ್ತದೆ. ಹೆಡ್‌ಲೈನ್ ಬರೆದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಗುಂಪು ಸೇರಿ ಬೈಯುವವರು ನಿಮ್ಮ ಇನ್‌ಸ್ಟಾಗ್ರಾಮ್‌ಗೆ ಬರುತ್ತಾರೆ, ಚಾನೆಲ್ ಮಾಲೀಕರ ಮನೆಗೆ ಹೋಗುವುದಿಲ್ಲ. ಪ್ರಾಂಪ್ಟರ್‌ನಲ್ಲಿ ಬಂದ ವಾಕ್ಯವನ್ನು "ಇದನ್ನ ನಾನು ಓದಲ್ಲ" ಅನ್ನುವ ಸ್ವಾತಂತ್ರ್ಯ ಶುರುವಿನಲ್ಲಿ ಇರುವುದೇ ಇಲ್ಲ. ನಾನು ಒಂದು ಸಲ ಅಂದೆ, ಆ ಬುಲೆಟಿನ್ ಬೇರೆಯವರಿಗೆ ಹೋಯಿತು. ಅವರು ಓದಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮನೆ ಬಾಡಿಗೆ ಕಟ್ಟಬೇಕಿತ್ತು ಪಾಪ.

ಆಮೇಲೆ ಎಲ್ಲಿ ಹೋಗುತ್ತಾರೆ ಅಂದರೆ, ಬೇರೆ ಬೇರೆ ಕಡೆ. ಟಿವಿ9ನಲ್ಲಿದ್ದ ಶೀತಲ್ ಶೆಟ್ಟಿ ಸಿನಿಮಾದಲ್ಲಿ ನಟಿಸಿದರು, ಬಿಗ್ ಬಾಸ್‌ಗೆ ಹೋಗಿ ಬಂದರು, 2022ರಲ್ಲಿ ವಿಂಡೋ ಸೀಟ್ ಅಂತ ಸ್ವಂತ ಸಿನಿಮಾ ನಿರ್ದೇಶನ ಮಾಡಿದರು. ಗೌರೀಶ್ ಅಕ್ಕಿ ತಮ್ಮ ಹೆಸರಿನಲ್ಲೇ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ. ಅಮರ್ ಪ್ರಸಾದ್ ಟಿವಿ ಬಿಟ್ಟು ಮಸ್ತ್ ಮಗಾ ಕಟ್ಟಿದರು, ಈಗ ಎಷ್ಟೋ ಟಿವಿ ಬುಲೆಟಿನ್‌ಗಿಂತ ಅದನ್ನು ಜನ ಜಾಸ್ತಿ ನೋಡುತ್ತಾರೆ. ಹೆಸರು ಬರದ ಉಳಿದವರು ಕಾರ್ಪೊರೇಟ್ ಕಂಪನಿಗಳ ಪಿಆರ್‌ನಲ್ಲಿದ್ದಾರೆ, ಮಂತ್ರಿಗಳ ಮಾಧ್ಯಮ ಸಲಹೆಗಾರರಾಗಿದ್ದಾರೆ, ಕಾಲೇಜಿನಲ್ಲಿದ್ದಾರೆ. ಒಬ್ಬ ಗೆಳತಿ ಸೀರೆ ಬಿಸಿನೆಸ್ ಮಾಡಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ. ಯೂಟ್ಯೂಬ್ ಎಲ್ಲರಿಗೂ ಆಗುತ್ತದೆ ಅಂತಲೂ ಅಲ್ಲ. ನಾನು ನೋಡಿದವರ ಪೈಕಿ ನಿಂತವರು ಸ್ವಂತ ಸ್ಕ್ರಿಪ್ಟ್ ಬರೆಯಬಲ್ಲವರು ಮಾತ್ರ.

ಕಳಿಸಿ. ನಾನು ಹೋದದ್ದಕ್ಕೆ ಬೇಜಾರಿಲ್ಲ. ಆದರೆ ಡೆಸ್ಕ್‌ನಲ್ಲಿ ಬರೆಯುವ ಕೆಲಸ, ಫೀಲ್ಡಿಗೆ ಹೋಗುವ ಅವಕಾಶ ಎರಡೂ ಕೊಡುತ್ತಾರಾ ಅಂತ ಕೇಳಿಯೇ ಸೇರಲಿ. ಬರೀ ಕೂತು ಓದು ಅಂದರೆ ಬೇಡ.

ಕರಾವಳಿ_ಕೇಬಲ್:

ಎಲ್ಲರೂ ಬೆಂಗಳೂರು ಬೆಂಗಳೂರು ಅನ್ನುತ್ತಿದ್ದೀರಿ. ನಮ್ಮ ಮಂಗಳೂರಿನಲ್ಲಿ "ನಮ್ಮ ಕುಡ್ಲ" ಅನ್ನುವ ಚಾನೆಲ್‌ನಲ್ಲಿ ತುಳುವಿನಲ್ಲೇ ಸುದ್ದಿ ಓದಿ ಊರಿಗೆಲ್ಲ ಪರಿಚಯ ಆದವರಿದ್ದಾರೆ, ದಾಯ್ಜಿವರ್ಲ್ಡ್ ಚಾನೆಲ್ ಇದೆ. ಉಜಿರೆ, ಮೂಡುಬಿದಿರೆ ಕಾಲೇಜುಗಳಲ್ಲಿ ಕಲಿತ ಮಕ್ಕಳು ಮೊದಲು ಇಲ್ಲೇ ಕೈ ಪಳಗಿಸಿಕೊಂಡು ಆಮೇಲೆ ಬೆಂಗಳೂರಿಗೆ ಹೋಗುತ್ತಾರೆ. ಕೇಬಲ್‌ನಲ್ಲಿ ಹಣ ಕಡಿಮೆ, ಒಪ್ಪುತ್ತೇನೆ. ಆಂಕರ್‌ಗಳೇ ಸ್ಕ್ರಿಪ್ಟ್ ಬರೆದು, ಓದಿ, ಎಡಿಟಿಂಗ್ ಮಾಡುವವನ ಪಕ್ಕ ಕೂತು, ಅಗತ್ಯ ಬಿದ್ದರೆ ಮದುವೆ ಸಮಾರಂಭದ ನಿರೂಪಣೆಗೂ ಹೋಗುತ್ತಾರೆ. ನಿರೂಪಣೆಯಲ್ಲೇ ಹಣ ಜಾಸ್ತಿ, ಹೇಳಲು ನಾಚಿಕೆ ಏನೂ ಇಲ್ಲ. ಯಕ್ಷಗಾನ, ಕಂಬಳ, ಬ್ರಹ್ಮಕಲಶದ ಲೈವ್ ಇದ್ದರೆ ಗಂಟೆಗಟ್ಟಲೆ ಕಾಗದ ಇಲ್ಲದೆ ಮಾತಾಡಬೇಕು, ಅದಕ್ಕಿಂತ ತರಬೇತಿ ಯಾವ ಚಾನೆಲ್ ಕೊಡುತ್ತದೆ?

ನಿಮ್ಮ ತಂಗಿ ಕಲಬುರಗಿ ಕೇಬಲ್‌ನಲ್ಲಿ ಓದಿದ್ದನ್ನು ಸಣ್ಣದು ಅಂದುಕೊಳ್ಳುವುದು ಬೇಡ. ಶರಣಬಸವೇಶ್ವರ ಜಾತ್ರೆ ಲೈವ್ ಮಾಡಿದ್ದಾಳಾ? ಮಾಡಿದ್ದರೆ ಆ ವಿಡಿಯೋ ಇಟ್ಟುಕೊಳ್ಳಲಿ, ಮುಂದೆ ಚಾನೆಲ್ ಬದಲಿಸುವಾಗ ಸ್ಟುಡಿಯೋ ಓದಿಗಿಂತ ಅದೇ ಕೆಲಸಕ್ಕೆ ಬರುತ್ತದೆ.

ಕಲಬುರಗಿ_ಬಿಸಿಲು:

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ತಂಗಿಗೆ ಓದಲು ಕೊಟ್ಟೆ, ಮಾಜಿ_ಮುಖ ಅವರ ಪೋಸ್ಟ್ ಎರಡು ಸಲ ಓದಿದಳು. ಜಾತ್ರೆ ಲೈವ್ ಮಾಡಿದ್ದಾಳೆ ಸರ್, ತೇರಿನ ದಿನ, ವಿಡಿಯೋ ಇದೆ. ಅಪ್ಪನಿಗೆ ಶಾಂತಿ ಸ್ವರೂಪ್ ಹೆಸರು ಹೇಳಿದ್ದೇ ತಡ, ಅರ್ಧ ಗಂಟೆ ಅವರ ಬಗ್ಗೆಯೇ ಮಾತಾಡಿದರು. ಸೇಡಂ ಕಡೆ ಇದ್ದಾಗ ದಿನಾ ನೋಡುತ್ತಿದ್ದರಂತೆ. ಆದರೂ ಬಿ.ಎಡ್ ಮಾತ್ರ ಬಿಟ್ಟಿಲ್ಲ.

ಆಫರ್ ಲೆಟರ್‌ನಲ್ಲಿ ಎರಡು ವಿಷಯ ಅರ್ಥ ಆಗಲಿಲ್ಲ. ಹುದ್ದೆ "ಕಾಪಿ ಎಡಿಟರ್ ಕಂ ಆಂಕರ್ (ಟ್ರೈನಿ)" ಅಂತಿದೆ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟಬೇಕು, ಬಿಟ್ಟಮೇಲೆ ಆರು ತಿಂಗಳು ಬೇರೆ ಕನ್ನಡ ಚಾನೆಲ್ ಸೇರುವಂತಿಲ್ಲ ಅಂತಿದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೂಡ ಕೇಳಿದ್ದಾರೆ.

ಪಿಸಿಆರ್_ಕತ್ತಲು:

ಕಾಪಿ ಎಡಿಟರ್ ಅಂತ ಮೊದಲು ಬರೆದಿರುವುದು ಒಳ್ಳೆಯದೇ. ಆಂಕರ್ ಅಂತ ಮಾತ್ರ ಇದ್ದರೆ ಸ್ಕ್ರೀನ್‌ನಿಂದ ಇಳಿಸಿದ ದಿನ ನಿಮಗೆ ಕೆಲಸವೇ ಇಲ್ಲ ಅನ್ನಬಹುದು. ಎರಡೂ ಇದ್ದರೆ ಡೆಸ್ಕ್‌ನಲ್ಲಾದರೂ ಕಾಲು ಊರಬಹುದು, ಮುಂದೆ ಬೇರೆ ಕಡೆ ಹೋದಾಗ ಅನುಭವ ಪತ್ರದಲ್ಲೂ ಅದೇ ಬರುತ್ತದೆ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲೇಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ. ನಾನು ಕಂಡಂತೆ ಕೊಟ್ಟವರು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಿದ್ದಾರೆ. ಬಿಟ್ಟಮೇಲೆ ಬೇರೆ ಕಡೆ ಸೇರಬಾರದು ಅನ್ನುವ ಷರತ್ತು ನಮ್ಮ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹೆದರಿಸಲು ಹಾಕುತ್ತಾರೆ. ಕೆಲಸದಲ್ಲಿ ಇರುವಷ್ಟು ದಿನದ ಬಾಂಡ್ ಬೇರೆ ವಿಷಯ. ತರಬೇತಿಗೆ ಖರ್ಚು ಮಾಡಿದ್ದೇವೆ ಅಂತ ತೋರಿಸಿದರೆ ಕೋರ್ಟ್ ಒಪ್ಪುವುದುಂಟು, ಹಾಗಾಗಿ ಆ ಮೊತ್ತ ಎಷ್ಟು ಅಂತ ನೋಡಿ, ಎರಡು ವರ್ಷವನ್ನು ಒಂದಕ್ಕೆ ಇಳಿಸಲು ಕೇಳಿ. ಕೇಳಿದರೆ ಆಫರ್ ಹೋಗಿಬಿಡುತ್ತದೆ ಅಂತ ಹೆದರಬೇಡಿ, ಸ್ಕ್ರೀನ್ ಟೆಸ್ಟ್‌ನಲ್ಲಿ ಪಾಸಾದವರು ಅವರಿಗೂ ಸುಲಭಕ್ಕೆ ಸಿಗುವುದಿಲ್ಲ. ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ, ಫೋರಂ ಮಾತು ನಂಬಿ ಸಹಿ ಹಾಕಬೇಡಿ, ನನ್ನದೂ ಸೇರಿ.

ಇನ್ನೊಂದು. ಪತ್ರಿಕೆಯವರಿಗೆ ಇದ್ದ 1955ರ ವರ್ಕಿಂಗ್ ಜರ್ನಲಿಸ್ಟ್ ಕಾಯ್ದೆ ಟಿವಿಯವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಪತ್ರಕರ್ತರು ಅಂದರೆ ಟಿವಿ, ಡಿಜಿಟಲ್‌ನವರೂ ಅಂತ ಸೇರಿಸಿದ್ದಾರೆ, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಆದರೆ ಲೆಟರ್‌ನಲ್ಲಿ "ಕನ್ಸಲ್ಟೆಂಟ್" ಅಂತ ಬರೆದರೆ ಏನೂ ಸಿಗದೇ ಹೋಗಬಹುದು. ಪಿಎಫ್ ಕಡಿತ ಇದೆಯಾ, ನೋಟಿಸ್ ಅವಧಿ ಇಬ್ಬರಿಗೂ ಒಂದೇನಾ, ರಾತ್ರಿ ಮತ್ತು ಬೆಳಗಿನ ಜಾವದ ಕ್ಯಾಬ್ ಬರವಣಿಗೆಯಲ್ಲಿ ಇದೆಯಾ, ಇಷ್ಟನ್ನು ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ. ಫೋನ್‌ನಲ್ಲಿ ಬೇಡ.

ಕಲಬುರಗಿ_ಬಿಸಿಲು:

ಪಿಎಫ್ ಇದೆ ಸರ್. ಕ್ಯಾಬ್ ಬಗ್ಗೆ ಒಂದು ಸಾಲೂ ಇಲ್ಲ. ಇಮೇಲ್ ಕಳಿಸಲು ಹೇಳಿದೆ, ಬರೆಯುತ್ತಿದ್ದಾಳೆ. ಬಾಂಡ್ ಒಂದು ವರ್ಷಕ್ಕೆ ಇಳಿಸಿ ಅಂತಲೂ ಸೇರಿಸಿದ್ದಾಳೆ. ಉತ್ತರ ಬಂದರೆ ಇಲ್ಲಿ ಹಾಕುತ್ತೇನೆ. ಬೆಂಗಳೂರಿನಲ್ಲಿ ಬೆಳಗಿನ ಜಾವ ಹೊರಡುವವರಿಗೆ ಗೇಟ್ ತೆಗೆಯುವ ಲೇಡೀಸ್ ಪಿಜಿ ಯಾವ ಏರಿಯಾದಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.